ಕಂಡೆನ್ಸರ್ ಟ್ಯೂಬ್ ಲೀಕ್, ಗಾಳಿ ಹಾಕಿನೇ ಹಿಡಿದೆ

ನೀರು ತುಂಬ್ಸಿ ಟೆಸ್ಟ್ ಮಾಡಿ ಪಾಸ್ ಅಂತ ಸೈನ್ ಹಾಕಿಟ್ಟಿದ್ದ ಕಂಡೆನ್ಸರಲ್ಲಿ ಲೀಕ್ ಟ್ಯೂಬ್‌ಗಳನ್ನ ಹಿಡಿದು ತೋರ್ಸಿದೀನಿ, ಅದಕ್ಕೇ ಇದನ್ನ ಬರೀತಿರೋದು.

ಮಂಡ್ಯ ಕಡೆ ಒಂದು ಸಕ್ಕರೆ ಫ್ಯಾಕ್ಟರಿ, ಕೋಜನ್ (ಬಗಾಸು ಅಂದ್ರೆ ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾಡೋ) ಟರ್ಬೈನ್ ಕೆಳಗಿನ ಸರ್ಫೇಸ್ ಕಂಡೆನ್ಸರ್, ಅಂದ್ರೆ ಟ್ಯೂಬೊಳಗೆ ತಣ್ಣೀರು ಓಡಿ, ಹೊರಗೆ ಶೆಲ್ಲಲ್ಲಿರೋ ಸ್ಟೀಮನ್ನ ಮತ್ತೆ ನೀರು ಮಾಡೋದು. 19 ಎಂಎಂ ಅಡ್ಮಿರಾಲ್ಟಿ ಬ್ರಾಸ್ ಅನ್ನೋ ಹಿತ್ತಾಳೆ, ಉದ್ದ ನಾಲ್ಕು ಮೀಟರ್ ಹತ್ರ, ಎರಡು ಸಾವಿರ ಚಿಲ್ರೆ ಟ್ಯೂಬ್. ಸೀಸನ್ ಪೂರ್ತಿ ಕಂಡೆನ್ಸೇಟ್ (ಸ್ಟೀಮಿಂದಾದ ನೀರು) ಕಂಡಕ್ಟಿವಿಟಿ, ಅಂದ್ರೆ ಉಪ್ಪಿನಂಶದ ಅಳತೆ, ನಾಲ್ಕೈದು ಮೈಕ್ರೋಸೀಮೆನ್ಸ್ ಇರಬೇಕಾದ್ದು ಇಪ್ಪತ್ತರ ಮೇಲೇ ಓಡ್ತಿತ್ತು, ಲ್ಯಾಬ್‌ನವ್ರು ಹಾರ್ಡ್‌ನೆಸ್ ಅಂದ್ರೆ ಕೂಲಿಂಗ್ ನೀರಿನ ಸುಣ್ಣದಂಶ ಬರ್ತಿದೆ ಅಂತ ದಿನಾ ಫೋನು. ಬಾಯ್ಲರಿಗೆ ಬ್ಲೋಡೌನ್ (ಉಪ್ಪು ಸೇರಿದ ನೀರು ಹೊರಗೆ ಬಿಡೋದು) ಜಾಸ್ತಿ ಕೊಟ್ಟೂ ಕೊಟ್ಟೂ ಡಿಎಂ (ಉಪ್ಪು ತೆಗೆದ) ನೀರೂ ಬಗಾಸೂ ಎರಡೂ ಚರಂಡಿಗೆ ಸುರಿದಂಗೆ ಆಗಿತ್ತು.

ಆಫ್ ಸೀಸನ್ನಲ್ಲಿ ಕಂಡೆನ್ಸರ್ ಕೂತಿರೋ ಸ್ಪ್ರಿಂಗಿಗೆ ನೀರಿನ ಭಾರ ಬೀಳದಂಗೆ ಜ್ಯಾಕ್ ಕೊಟ್ಟು ಶೆಲ್‌ಗೆ ನೀರು ತುಂಬ್ಸಿದ್ರು. ಮೇ ಮಳೆ ಬಿದ್ದು ಗಾಳಿಯೆಲ್ಲ ತೇವ, ಒಳಗೆ ತಣ್ಣಗಿನ ಬೋರ್ ನೀರು, ಎಲ್ಲಾ ಟ್ಯೂಬೂ ಬೆವರೋಕೆ ಶುರು, ಯಾವುದು ಲೀಕು ಯಾವುದು ಬೆವರು ಹೇಳೋರ್ಯಾರು? ಮೇಲಿನ ಸಾಲಿಗಂತೂ ನೀರಿನ ಭಾರವೇ ಇಲ್ಲ, ಕಾಲು ಕೆಜಿ ಪ್ರೆಶರೂ ಬರಲ್ಲ. ಕೊನೆಗೆ ಪಾಸ್ ಅಂತ ಸೈನ್ ಹಾಕಿಟ್ರು. ಎಡ್ಡಿ ಕರೆಂಟ್ (ಪ್ರೋಬ್ ತೂರಿಸಿ ಟ್ಯೂಬಿನ ದೋಷ ಹುಡುಕೋ ಟೆಸ್ಟ್) ಮಾಡ್ಸೋಕೆ ಕೊಟೇಶನ್ ತರ್ಸಿದ್ರೆ ಒಂದೂವರೆ ಲಕ್ಷದ ಹತ್ರ ಬಂತು, ಮ್ಯಾನೇಜ್‌ಮೆಂಟ್ ಬೇಡ ಅಂತು. ನಾನು ಒಂದೊಂದೇ ಟ್ಯೂಬಿನ ಒಂದು ತುದಿ ಬುಚ್ಚು ಹಾಕಿ ಮುಚ್ಚಿ, ಇನ್ನೊಂದು ತುದಿಯಿಂದ ಏರ್ ಹಾಕ್ತೀನಿ ಅಂದೆ. ಅಲ್ಲಿನ ಹಳೇ ಫೋರ್‌ಮನ್ನು "ಗಾಳೀಲಿ ಏನ್ ಕಾಣ್ತದೆ ಕಣಯ್ಯ, ನೀರಲ್ಲೇ ಸಿಗ್ದಿದ್ದು" ಅಂದ್ರು.

ಗನ್ ನಾನೇ ಮಾಡ್ಕೊಂಡಿದ್ದು, ಎರಡು ಗನ್ನಿಗೆ ಸೇರಿ ಐದಾರು ಸಾವಿರ ಆಗಿರಬಹುದು. ರೆಗ್ಯುಲೇಟರ್ ನಾಲ್ಕು ಕೆಜಿಗೆ, ಸೇಫ್ಟಿ ವಾಲ್ವ್ ಐದಕ್ಕೆ, ಆಮೇಲೆ ಬಾಲ್ ವಾಲ್ವು, ಅದರ ಮುಂದೆ ನಾಲ್ಕಿಂಚಿನ ಗೇಜು, ಅದಕ್ಕೇ ಅಂಟಿಕೊಂಡಂಗೆ ರಬ್ಬರ್ ಬುಚ್ಚು. ಗೇಜ್ ವಾಲ್ವ್ ಆಚೆ ಟ್ಯೂಬ್ ಕಡೆನೇ ಇರಬೇಕು, ಮಧ್ಯೆ ಹೋಸ್ ಇರಬಾರದು, ಯಾಕಂದ್ರೆ ಒಂದು ಟ್ಯೂಬಲ್ಲಿ ಹಿಡಿಯೋದು ಲೀಟರ್‌ಗಿಂತ ಕಮ್ಮಿ ಗಾಳಿ, ಅಷ್ಟು ಕಮ್ಮಿ ಇದ್ರೇನೇ ಸೂಜಿ ಮೊನೆ ತೂತಿಗೂ ಅರ್ಧ ನಿಮಿಷದಲ್ಲಿ ಮುಳ್ಳು ಇಳಿಯೋದು ಕಣ್ಣಿಗೆ ಕಾಣುತ್ತೆ. ಆ ರಬ್ಬರ್ ಯಾವುದು, ಎಲ್ಲಿ ತರ್ತೀನಿ ಅನ್ನೋದು ಮಾತ್ರ ಹೇಳಲ್ಲ, ನಮ್ಮ ಅನ್ನ ಅದು.

ಶುರುವಲ್ಲಿ ಮೂರಕ್ಕೊಂದು ಟ್ಯೂಬ್ ಫೇಲ್ ತೋರಿಸ್ತು. ಕಂಪ್ರೆಸರ್ ಗಾಳಿ ಬಿಸಿ, ಟ್ಯೂಬೊಳಗೆ ಹೋಗಿ ತಣ್ಣಗಾದಾಗ ಪ್ರೆಶರ್ ತಾನೇ ಸ್ವಲ್ಪ ಇಳಿಯುತ್ತೆ. ರಿಸೀವರಲ್ಲಿ (ಗಾಳಿ ಟ್ಯಾಂಕಲ್ಲಿ) ಆರಿದ ಗಾಳಿ ತಗೊಂಡು, ವಾಲ್ವ್ ಮುಚ್ಚಿ ಹತ್ತು ಸೆಕೆಂಡ್ ಬಿಟ್ಟು ಆಮೇಲೆ ನೋಡಿದ್ರೆ ಸರಿಹೋಯ್ತು. ಜೊತೆಗೆ ಒಂದು ಹೊಸ ಟ್ಯೂಬನ್ನ ಬೆಂಚ್ ಮೇಲೆ ಇಟ್ಕೊಂಡು ಆಗಾಗ ಅದಕ್ಕೇ ಗನ್ ಹಾಕಿ ನೋಡ್ತಿದ್ವಿ, ಅದು ಇಳಿದ್ರೆ ಬುಚ್ಚು ಸವೆದಿದೆ ಅಂತ. ಬ್ರಷ್ ಹೊಡೆದು ಸ್ಕೇಲ್ ತೆಗೀದೆ ಗಾಳಿ ಹಾಕ್ಲೇಬೇಡಿ, ಕೆಸರೇ ತೂತು ಮುಚ್ಕೊಂಡು ಪಾಸ್ ಮಾಡ್ಸಿಬಿಡುತ್ತೆ. ಬುಚ್ಚಿನ ಎದುರಿಗೆ ಯಾರೂ ನಿಲ್ಲಬಾರದು, ಸಿಡಿದ್ರೆ ಕವಣೆ ಕಲ್ಲು ಬಂದಂಗೆ ಬರುತ್ತೆ, ಎರಡೂ ಕಡೆ ಪಕ್ಕಕ್ಕೇ ನಿಂತು ಮಾಡ್ಬೇಕು.

ಸಿಕ್ಕಿದ್ದು ಹನ್ನೊಂದೋ ಹನ್ನೆರಡೋ. ಹೆಚ್ಚಿನವು ಸ್ಟೀಮ್ ಬಡಿಯೋ ಮೇಲಿನ ಸಾಲಲ್ಲೇ. ಫೋರ್‌ಮನ್ನ ಕರೆದು ಗನ್ ಅವರ ಕೈಗೇ ಕೊಟ್ಟೆ, ಗೇಜ್ ಮುಳ್ಳು, ನಾಲ್ಕರಿಂದ ಎರಡಕ್ಕೆ ಇಳಿಯೋದನ್ನ ನೋಡ್ತಾ ನಿಂತ್ರು, ಆಮೇಲೆ ಬ್ರಾಸ್ ಪ್ಲಗ್ಗನ್ನ ಅವರೇ ಹೊಡೆದ್ರು.

ಆದ್ರೆ ಬುಚ್ಚು ಒಳಗೆ ಕೂರೋದ್ರಿಂದ ರೋಲ್ ಜಾಯಿಂಟ್ (ಟ್ಯೂಬಿನ ತುದಿ ಹಿಗ್ಗಿಸಿ ಟ್ಯೂಬ್ ಪ್ಲೇಟಿಗೆ ಕೂರಿಸಿದ ಜಾಗ) ಟೆಸ್ಟ್ ಆಗಲ್ಲ. ಅದಕ್ಕೆ ಬೇರೆ ಆಟ ಆಡಿದ್ವಿ. ಶೆಲ್‌ಗೆ ವ್ಯಾಕ್ಯೂಮ್ ಎಳೆದು ಟ್ಯೂಬ್ ಪ್ಲೇಟ್ ಹತ್ರ ಊದಿನಕಡ್ಡಿ ಹಿಡಿದ್ರೆ ಫ್ಯಾನ್ ಗಾಳಿಗೆ ಹೊಗೆ ಎಲ್ಲೆಲ್ಲೋ ಹೋಯ್ತು, ಮೇಣದ ಬತ್ತಿನೂ ಅಷ್ಟೇ. ಕೊನೆಗೆ ಶೇವಿಂಗ್ ಫೋಮ್ ಬಳಿದ್ವಿ, ಎರಡು ಜಾಯಿಂಟ್ ಹತ್ರ ನೊರೆ ಒಳಗೆ ಎಳ್ಕೊಂಡು ಗುಳಿ ಬಿತ್ತು. ನೂರಿನ್ನೂರು ರೂಪಾಯಿ ಫೋಮು ಅಷ್ಟೇ! ಎರಡನ್ನೂ ಮತ್ತೆ ಎಕ್ಸ್‌ಪ್ಯಾಂಡ್ ಮಾಡಿದ್ವಿ.

ಸ್ಟಾರ್ಟ್ ಮಾಡಿದ ವಾರದಲ್ಲಿ ಕಂಡಕ್ಟಿವಿಟಿ ಐದರ ಒಳಗೆ ಬಂತು, ಹಾರ್ಡ್‌ನೆಸ್ ನಿಲ್. ಮುಂದಿನ ಆಫ್ ಸೀಸನ್‌ಗೆ ಜ್ಯೂಸ್ ಹೀಟರೂ ನನಗೇ ಕೊಟ್ಟಿದಾರೆ, 45 ಎಂಎಂ ಟ್ಯೂಬು, ಅದಕ್ಕೆ ದೊಡ್ಡ ಬುಚ್ಚು ಈಗ ರೆಡಿ ಮಾಡ್ತಿದೀನಿ.