ಹೊಸ ಮ್ಯಾನೇಜರ್‌ಗೆ ಹೀಗೆ ಕೇಳಿ ನೋಡಿ

ಹೊಸ ಕೆಲಸಕ್ಕೆ ಸೇರಿದಾಗ "ನನ್ನಿಂದ ಏನು ನಿರೀಕ್ಷೆ ಮಾಡ್ತೀರಿ?" ಅಂತ ಕೇಳಬೇಡಿ, ಒಂದೊಂದು ಸಂದರ್ಭ ಹಿಡಿದು ಕೇಳಿ. "ರಾತ್ರಿ 9ಕ್ಕೆ ಮೆಸೇಜ್ ಬಂದರೆ ಆಗಲೇ ಉತ್ತರ ಕೊಡಬೇಕಾ, ಬೆಳಗ್ಗೆ ಕೊಟ್ಟರೆ ಸಾಕಾ?" "ಕೆಲಸ ತಡ ಆಗೋ ಹಾಗಿದ್ದರೆ ಎಷ್ಟು ದಿನ ಮುಂಚೆ ಹೇಳಲಿ?" "ನನ್ನ ಕೆಲಸ ಮುಗಿದಿದ್ದರೆ ಹೊತ್ತಿಗೆ ಸರಿಯಾಗಿ ಹೊರಡಬಹುದಾ?" ಕೊನೆಯದನ್ನು ಕೇಳೋಕೆ ಮುಜುಗರ ನಿಜ, ಆದರೆ ಮನಸ್ತಾಪ ಜಾಸ್ತಿ ಹುಟ್ಟೋದು ಅಲ್ಲೇ. ಆಫರ್ ಲೆಟರ್‌ನಲ್ಲಿ ಬರೆಯದ ಒಂದು ಒಪ್ಪಂದ ನಿಮ್ಮ, ಮ್ಯಾನೇಜರ್ ಇಬ್ಬರ ತಲೆಯಲ್ಲೂ ಇರುತ್ತದೆ (ಆಡಳಿತ ತಜ್ಞ ಕ್ರಿಸ್ ಆರ್ಗಿರಿಸ್ 1960ರಲ್ಲೇ ಇದನ್ನು ಮಾನಸಿಕ ಒಪ್ಪಂದ ಎಂದು ಕರೆದಿದ್ದರು), ಆದರೆ ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ. ಸಾಮಾನ್ಯ ಪ್ರಶ್ನೆಗೆ "ಚೆನ್ನಾಗಿ ಮಾಡಿ ಸಾಕು" ಅಂತ ಸುಮ್ನೆ ಹೇಳಿಬಿಡುತ್ತಾರೆ. ನಿರ್ದಿಷ್ಟ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡಲೇಬೇಕು, ಆಗ ವ್ಯತ್ಯಾಸ ಹೊರಗೆ ಬರುತ್ತದೆ. ಒಬ್ಬರೇ ಸಿಕ್ಕಾಗ ಕೇಳಿ. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಕೇಳಿದರೆ ನಿಯಮದ ಪುಸ್ತಕದ ಉತ್ತರವೇ ಸಿಗೋದು. ಹೇಳೋದು ಒಂದು, ಮೆಚ್ಚೋದು ಇನ್ನೊಂದು ಅನ್ನೋ ಕಡೆ ಈ ಉಪಾಯ ನಡೆಯಲ್ಲ. ಅಂಥಲ್ಲಿ ಕಳೆದ ಸಲ ಬಡ್ತಿ ಯಾರಿಗೆ ಸಿಕ್ಕಿತು, ಅವರು ದಿನಾ ಹೇಗೆ ಕೆಲಸ ಮಾಡ್ತಿದ್ದರು ಅಂತ ಸಹೋದ್ಯೋಗಿಗಳನ್ನು ವಿಚಾರಿಸಿ.