ಕಾಣದ ಅನಿಲವನ್ನು ಕರುಳಿನಲ್ಲಿ ಪತ್ತೆ ಹಚ್ಚುವುದು ಹೇಗೆ?

ಉಂಡದ್ದು ಕರುಳಿನಲ್ಲಿ ಮುಂದೆ ಸಾಗಬೇಕಾದರೆ ಹಿಂದಿನ ಸ್ನಾಯು ಬಿಗಿದರಷ್ಟೇ ಸಾಲದು, ಮುಂದಿನದು ಸಡಿಲವಾಗಿ ದಾರಿ ಬಿಡಬೇಕು. ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ಇದನ್ನು ವಿವರಿಸಿದ್ದರು. ‘ದಾರಿ ಬಿಡು’ ಎಂದು ನರವು ಸ್ನಾಯುವಿಗೆ ಯಾವುದರ ಮೂಲಕ ತಿಳಿಸುತ್ತದೆ ಎಂಬುದು ಮಾತ್ರ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಮುಖ್ಯ ಉತ್ತರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಹೊಟ್ಟೆ ಉಬ್ಬರಿಸುವ ಗ್ಯಾಸೇ ಬೇರೆ, ಇದೇ ಬೇರೆ. ನರತುದಿ ಇದನ್ನು ಕೂಡಿಡುವುದಿಲ್ಲ. ಬೇಕಾದ ಗಳಿಗೆಯಲ್ಲಿ ತಯಾರಿಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಅದು ಇಲ್ಲವಾಗುತ್ತದೆ. ಹೀಗಾಗಿ ಪ್ರಯೋಗಾಲಯದಲ್ಲಿ ಅದರ ತಯಾರಿಕೆಯನ್ನೇ ತಡೆದು, ಏನು ನಿಂತುಹೋಗುತ್ತದೆ ಎಂದು ನೋಡುತ್ತಾರೆ.

ಮೊದಲಿಗೆ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ಆರೋಗ್ಯವಂತ ಭಾಗದಿಂದ, ರೋಗಿಯ ಒಪ್ಪಿಗೆಯೊಂದಿಗೆ, ಸ್ನಾಯುವಿನ ಸಣ್ಣ ಪಟ್ಟಿಯೊಂದನ್ನು ಬಿಡಿಸಿಕೊಳ್ಳಬೇಕು. 37 ಡಿಗ್ರಿ ಸೆಲ್ಸಿಯಸ್‌ನ ಲವಣದ್ರಾವಣದಲ್ಲಿ ಅದನ್ನು ಇಳಿಬಿಟ್ಟು, 95% ಆಮ್ಲಜನಕ, 5% ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಹಾಯಿಸುತ್ತಿರಬೇಕು. ಒಂದು ತುದಿ ಕೊಕ್ಕೆಗೆ, ಇನ್ನೊಂದು ಬಿಗಿತ ಅಳೆಯುವ ಸಾಧನಕ್ಕೆ. ಅವಸರ ಸಲ್ಲದು, ಪಟ್ಟಿ ಹೊಂದಿಕೊಂಡು ತಾನಾಗಿಯೇ ಮಿಡಿಯುವವರೆಗೆ ಕಾಯಬೇಕು.

ಮುಂದಿನ ಕೆಲಸ, ಬೇರೆ ಸಂಕೇತಗಳ ಬಾಯಿ ಮುಚ್ಚಿಸುವುದು. ಸ್ನಾಯುವನ್ನು ಬಿಗಿಸುವ ನರಸಂಕೇತ ಅಸಿಟೈಲ್‌ಕೋಲಿನ್‌ಗೆ ಅಟ್ರೋಪಿನ್ ಎಂಬ ಮದ್ದಿನ ತಡೆ. ಇನ್ನೊಂದು ನರಸಂಕೇತ ನಾರ್‌ಅಡ್ರಿನಲಿನ್ನಿಗೆ ಬೇರೆಯದೇ ತಡೆಮದ್ದು. ಈಗ ನರ ಮಾತ್ರ ಎಚ್ಚರಗೊಳ್ಳುವಷ್ಟು ಚುಟುಕಾದ ವಿದ್ಯುತ್ ಮಿಡಿತಗಳನ್ನು ಕೊಟ್ಟರೆ ಸಾಧನ ದಾಖಲಿಸುವ ಬಿಗಿತದ ಗೆರೆ ಕೆಳಗಿಳಿಯುತ್ತದೆ. ನರದ ಸಂಕೇತವನ್ನೇ ತಡೆಯುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಹಾಕಿದರೆ ಇಳಿತ ನಿಲ್ಲುತ್ತದೆ. ಅಂದರೆ ಅದು ನರದ್ದೇ ಕೆಲಸ.

ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದರ ನಂತರದ ಹಂತ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಕಚ್ಚಾವಸ್ತು ಎಲ್-ಆರ್ಜಿನಿನ್ ಎಂಬ ಅಮೈನೊ ಆಮ್ಲ. ಅದನ್ನೇ ಹೋಲುವ ಎಲ್-ನೇಮ್ ಎಂಬ ವಸ್ತುವನ್ನು ಹಾಕಿದರೆ ಕಿಣ್ವ ಮೋಸಹೋಗುತ್ತದೆ, ಸ್ನಾಯು ಮೊದಲಿನಂತೆ ಸಡಿಲವಾಗುವುದಿಲ್ಲ. ಮೇಲಿಂದ ಎಲ್-ಆರ್ಜಿನಿನ್ ಧಾರಾಳವಾಗಿ ಕೊಟ್ಟರೆ ಸಡಿಲಿಕೆ ಮರಳುತ್ತದೆ. ಅದರ ಕನ್ನಡಿಬಿಂಬವಾದ ಡಿ-ಆರ್ಜಿನಿನ್ ಕೊಟ್ಟು ನೋಡಿ, ಏನೂ ಆಗದು. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಎಲ್-ನೇಮ್ ಇದ್ದಾಗಲೂ ಮನುಷ್ಯನ ದೊಡ್ಡ ಕರುಳಿನಲ್ಲಿ ಚುರುಕಾದ ಒಂದು ಆರಂಭಿಕ ಇಳಿತ ಉಳಿಯುತ್ತದೆ. ಅದು ನರ ಬಿಡುವ ಇನ್ನೊಂದು ಬಗೆಯ ಸಂಕೇತಗಳಾದ ಎಟಿಪಿ ಜಾತಿಯ ಪ್ಯೂರಿನ್‌ಗಳ ಪಾಲು. ನಿಧಾನವಾಗಿ ಹಿಡಿದು ನಿಲ್ಲುವ ಸಡಿಲಿಕೆ ನೈಟ್ರಿಕ್ ಆಕ್ಸೈಡಿನದು. ಅದು ಜೀವಕೋಶದೊಳಗೆ ನುಸುಳಿ ಸೈಕ್ಲಿಕ್ ಜಿಎಂಪಿ ಎಂಬ ಒಳಸಂದೇಶವಾಹಕವನ್ನು ಹೆಚ್ಚಿಸುತ್ತದೆ, ಕ್ಯಾಲ್ಸಿಯಂ ತಗ್ಗುತ್ತದೆ, ಸ್ನಾಯುವಿನ ಹಿಡಿತ ಬಿಡುತ್ತದೆ.

ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಮಕ್ಕಳಲ್ಲಿ ಕರುಳಿನ ಕೊನೆಯ ಭಾಗಕ್ಕೆ ಹುಟ್ಟಿನಿಂದಲೇ ನರಕೋಶಗಳಿರುವುದಿಲ್ಲ. ಆ ಭಾಗದ ಸ್ನಾಯುಪಟ್ಟಿಗೆ ವಿದ್ಯುತ್ ಕೊಟ್ಟರೆ ಗೆರೆ ಇಳಿಯುವುದಿಲ್ಲ. ಹೊರಗಿನಿಂದ ನೈಟ್ರಿಕ್ ಆಕ್ಸೈಡ್ ಒದಗಿಸಿದರೆ ಅದೇ ಸ್ನಾಯು ಸಡಿಲವಾಗುತ್ತದೆ.