ಡೂಮ್ಸ್‌ಡೇ ಪುಸ್ತಕದಲ್ಲಿ ಒಂದು ಊರನ್ನು ಓದುವುದು ಹೇಗೆ

ಮಧ್ಯಯುಗದ ಯುರೋಪ್ ಅಂದ ಕೂಡಲೇ ಕೋಟೆ, ಕುದುರೆ, ಕತ್ತಿ ನೆನಪಾಗುತ್ತವೆ ಅಲ್ವಾ? ಅವನ್ನು ಸ್ವಲ್ಪ ಪಕ್ಕಕ್ಕಿಡಿ. ಆಗಿನ ಅಧಿಕಾರ ಹೇಗೆ ನಡೆಯುತ್ತಿತ್ತು ಅಂತ ನೋಡಬೇಕಿದ್ದರೆ ಕಂದಾಯದ ಲೆಕ್ಕ ಓದಿ. ಪಹಣಿ ನೋಡಿ ಅಭ್ಯಾಸ ಇರುವವರಿಗೆ ಇದು ಕಷ್ಟವೇ ಅಲ್ಲ.

1085ರ ಕ್ರಿಸ್‌ಮಸ್ ಸಮಯದಲ್ಲಿ ಇಂಗ್ಲೆಂಡಿನ ದೊರೆ ವಿಲಿಯಂ, ಯಾರ ಹತ್ತಿರ ಎಷ್ಟು ಜಮೀನಿದೆ ಬರೆದುಕೊಂಡು ಬನ್ನಿ ಅಂತ ಊರೂರಿಗೆ ಜನ ಕಳಿಸಿದ. ಮರುವರ್ಷವೇ ವಿವರ ಬಂತು, ಅದನ್ನೆಲ್ಲ ಸೇರಿಸಿ ಬರೆದದ್ದೇ ಈ ಪುಸ್ತಕ. ಒಂದು ಎತ್ತನ್ನೂ, ಒಂದು ಹಂದಿಯನ್ನೂ ಬಿಡದೆ ಎಣಿಸಿದರು ಅಂತ ಆ ಕಾಲದವನೇ ಒಬ್ಬ ಗೊಣಗಿದ್ದಾನೆ. ಕೊನೆಯ ತೀರ್ಪಿನ ದಿನ ದೇವರು ಹೇಳಿದ್ದಕ್ಕೆ ಅಪೀಲು ಇಲ್ಲ, ಈ ಪುಸ್ತಕ ಹೇಳಿದ್ದಕ್ಕೂ ಇಲ್ಲ. ಅದಕ್ಕೇ ಜನ ಇಟ್ಟ ಹೆಸರು ಡೂಮ್ಸ್‌ಡೇ, ಅಂದರೆ ತೀರ್ಪಿನ ದಿನ.

ಮೂಲ ಲ್ಯಾಟಿನ್‌ನಲ್ಲಿದೆ. ಇಂಗ್ಲಿಷ್ ಅನುವಾದ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಲಂಡನ್ ಹುಡುಕಬೇಡಿ, ಅದು ಇದರಲ್ಲಿಲ್ಲ. ಬರ್ಮಿಂಗ್‌ಹ್ಯಾಮ್ ತೆಗೆಯಿರಿ. ಅಲ್ಲಿರುವುದು ಸುಮಾರಾಗಿ ಇಷ್ಟು: ವಿಲಿಯಂನಿಂದ ಪಡೆದು ರಿಚರ್ಡ್ 4 ಹೈಡ್ ಹಿಡಿದಿದ್ದಾನೆ. 6 ನೇಗಿಲಿಗೆ ಆಗುವಷ್ಟು ಭೂಮಿ. ಒಡೆಯನದು 1 ನೇಗಿಲು. 5 ಒಕ್ಕಲು, 4 ತುಂಡು ಜಮೀನಿನವರು, ಅವರ ಹತ್ತಿರ 2 ನೇಗಿಲು. ಕಾಡು ಅರ್ಧ ಲೀಗ್ ಉದ್ದ, 2 ಫರ್ಲಾಂಗು ಅಗಲ. ಬೆಲೆ ಮೊದಲೂ ಈಗಲೂ (ಅಂದರೆ 1086ರಲ್ಲೂ) 20 ಷಿಲ್ಲಿಂಗ್. ಎಡ್ವರ್ಡ್ ದೊರೆಯ ಕಾಲದಲ್ಲಿ ವುಲ್ಫ್‌ವಿನ್ ಇದನ್ನು ಸ್ವತಂತ್ರವಾಗಿ ಹಿಡಿದಿದ್ದ.

ಮೊದಲು ಹೆಸರು ನೋಡಿ. ಈ ವಿಲಿಯಂ ದೊರೆಯಲ್ಲ, ಆನ್ಸ್‌ಕಲ್ಫ್ ಎಂಬವನ ಮಗ. ದೊರೆ ಇವನಿಗೆ ಕೊಟ್ಟ, ಇವನು ರಿಚರ್ಡ್‌ಗೆ ಕೊಟ್ಟ. ಕೊನೆಯ ಸಾಲಿನ ವುಲ್ಫ್‌ವಿನ್ ಇಂಗ್ಲಿಷ್ ಹೆಸರಿನವನು, 1066ಕ್ಕೆ ಮುಂಚಿನ ಒಡೆಯ. ವಿಲಿಯಂ ದೊರೆ ಫ್ರಾನ್ಸಿನ ನಾರ್ಮಂಡಿಯಿಂದ ದಂಡೆತ್ತಿ ಬಂದು ಇಂಗ್ಲೆಂಡ್ ಗೆದ್ದದ್ದು ಆ ವರ್ಷವೇ. ನನ್ನ ಪ್ರಕಾರ ಇಡೀ ನಾರ್ಮನ್ ದಂಡಯಾತ್ರೆ ಈ ಎರಡು ಸಾಲಿನ ನಡುವೆಯೇ ಇದೆ, ಆದ್ದರಿಂದ ಯಾವ ಊರು ತೆಗೆದರೂ ಹಳೇ ಹೆಸರನ್ನೂ ಹೊಸ ಹೆಸರನ್ನೂ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಹೈಡ್ ಅಂದರೆ ತೆರಿಗೆಯ ಅಳತೆ. ಅದನ್ನು ಎಕರೆಗೆ ತಿರುಗಿಸಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ನೇಗಿಲಿನ ಲೆಕ್ಕದಲ್ಲಿ ಜಾಸ್ತಿ ವಿಷಯ ಇದೆ. ಒಂದು ನೇಗಿಲಿಗೆ 8 ಎತ್ತು. 6 ನೇಗಿಲಿನ ನೆಲದಲ್ಲಿ ಇರುವುದು 3 ಮಾತ್ರ, ಅಂದರೆ ಅರ್ಧದಷ್ಟು.

ಜನರ ಸಂಖ್ಯೆ ನೋಡಿ 9 ಮಂದಿಯ ಊರು ಅಂದುಕೊಳ್ಳಬೇಡಿ. ಎಣಿಸಿದ್ದು ಮನೆಯ ಯಜಮಾನರನ್ನು. ಹೆಂಡತಿ, ಮಕ್ಕಳು ಲೆಕ್ಕಕ್ಕೇ ಇಲ್ಲ. ನಾಲ್ಕೈದರಿಂದ ಗುಣಿಸಿದರೆ ನಲವತ್ತು ಜನ ಸಿಗುತ್ತಾರೆ. ಬೇರೆ ಊರುಗಳಲ್ಲಿ ಗುಲಾಮರೂ ಬರುತ್ತಾರೆ, ಎಷ್ಟೋ ಕಡೆ ಒಡೆಯನ ನೇಗಿಲಿನ ಬೆನ್ನಿಗೇ.

ಇನ್ನು ಚರ್ಚು. ಹೆಚ್ಚಿನ ಜಿಲ್ಲೆಗಳಲ್ಲಿ ಮೊದಲು ದೊರೆಯ ಜಮೀನು, ಆಮೇಲೆ ಬಿಷಪ್ಪರು, ಮಠಗಳು, ಅದಾದ ಮೇಲೆ ಉಳಿದ ಒಡೆಯರು. ಸುಮಾರು ಕಾಲು ಭಾಗ ಭೂಮಿ ಚರ್ಚಿನ ಕೈಯಲ್ಲಿತ್ತು. ಹಾಗಾಗಿ ಊರಿನ ಪುಟ ನೋಡಿ ಸುಮ್ನೆ ಮುಂದೆ ಹೋಗಬೇಡಿ, ಮೇಲಿನ ತಲೆಬರಹದಲ್ಲಿ ಯಾರ ಹೆಸರಿದೆ ನೋಡಿ. ಬಿಷಪ್ಪನದಾಗಿದ್ದರೆ ಒಕ್ಕಲು ಉಳುತ್ತಿದ್ದದ್ದು ಬಿಷಪ್ಪನ ಹೊಲವನ್ನೇ. ಊರಿನ ಬಡ ಪಾದ್ರಿ ಮಾತ್ರ ಕೆಲವು ಕಡೆ ಒಕ್ಕಲುಗಳ ಸಾಲಿನಲ್ಲೇ ಒಬ್ಬನಾಗಿ ಬರುತ್ತಾನೆ.

ಇಷ್ಟು ಕೈಗೆ ಬಂದ ಮೇಲೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಪುಟಗಳಿಗೆ ಹೋಗಿ. ಊರಿಂದ ಊರಿಗೆ 'ಪಾಳು' ಅನ್ನುವ ಒಂದೇ ಪದ. 1069-70ರ ಚಳಿಗಾಲದಲ್ಲಿ ದೊರೆಯ ಸೈನ್ಯ ಆ ಸೀಮೆಯನ್ನು ಸುಟ್ಟಿತ್ತು. ಆದರೆ ಎಲ್ಲ ಪಾಳಿಗೂ ಅದೇ ಕಾರಣ ಅಂತ ಬರೆದುಕೊಳ್ಳಬೇಡಿ, ವಿವರ ಸಿಗದಿದ್ದಾಗಲೂ ಗುಮಾಸ್ತರು ಹಾಗೆ ಬರೆದಿರಬಹುದು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಹಳೇ ಬೆಲೆ ಕೊಟ್ಟಿದ್ದರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ.